ಚೌಕದೊಳಗಿನ ಹಂದಿ

ಕೌನ್ಸಿಲರ್ ಬಿಕರ್‌ಸ್ಟಾಫ್ ಸ್ಪೇನಿಗೆ ಹೋಗಿ ನೆಲೆಸಿ ಆರು ತಿಂಗಳಾದರೂ ಸ್ಕಾರ್‌ಬೆಕ್ ಪುರಸಭೆಯಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಊರಲ್ಲಿದ್ದಾಗ ಅವನು ಮಾಡುತ್ತಿದ್ದ ಕೆಲಸಕ್ಕೂ ಊರಲ್ಲಿಲ್ಲದಾಗ ಮಾಡಿದ ಕೆಲಸಕ್ಕೂ ಕೂದಲೆಳೆಯಷ್ಟು ಅಂತರವೂ ಇರಲಿಲ್ಲವಾದ್ದರಿಂದ ಇದನ್ನು ಯಾರ ತಪ್ಪು ಎನ್ನುವುದೂ ಕಷ್ಟ. ಸಭೆಯಲ್ಲಿ ಅವನ ಕುರ್ಚಿಯ ಬೆನ್ನಿಗೆ ಪಕ್ಕದವರು ತಮ್ಮ ಕೋಟು ತಗುಲಿಹಾಕುತ್ತಿದ್ದರು. ಕೋಟು ಕೈಯೆತ್ತುತ್ತಿರಲಿಲ್ಲ, ಅಷ್ಟೇ ಕೊರತೆ.

ಅದನ್ನು ಕಂಡುಹಿಡಿದವಳು ಹೆಸ್ಟರ್ ಆರ್ಮರಾಡ್. ಎಪ್ಪತ್ತೆರಡು ವರ್ಷದ ಅವಿವಾಹಿತೆ. ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿ ದುಡಿದು ನಿವೃತ್ತಳಾದವಳು. ಮಿಲ್ ಬ್ರೋ ಬಡಾವಣೆಯ ಮೆಥಡಿಸ್ಟ್ ಚಾಪೆಲಿನಲ್ಲಿ ಮೂವತ್ತು ವರ್ಷ ಭಾನುವಾರದ ಶಾಲೆ ನಡೆಸಿದವಳು. ಅವಳಪ್ಪ ಊಟಕ್ಕೆ ಮುಂಚೆ ಕೀರ್ತನೆಯೊಂದನ್ನು ಬಾಯಿಪಾಠದಿಂದ ಹೇಳಿ ಮುಗಿಸುವ ತನಕ ಮನೆಯಲ್ಲಿ ಯಾರೂ ಚಮಚ ಮುಟ್ಟುವಂತಿರಲಿಲ್ಲ. ಹಾಗಾಗಿ ಕೇಳಿಸಿಕೊಳ್ಳುವುದು ಅವಳಿಗೆ ಅನ್ನದಷ್ಟೇ ಹಳೆಯ ಅಭ್ಯಾಸ. ಪುರಸಭೆಯ ಸಭೆಗಳಲ್ಲಿ ಸಾರ್ವಜನಿಕರಿಗೆಂದು ಇಟ್ಟ ಬೆಂಚಿನ ಮೇಲೆ ಅವಳೊಬ್ಬಳೇ ಕೂತಿರುತ್ತಿದ್ದಳು. ಮೂವತ್ತೈದು ಜನ ಹಿರಿಯರು ನಾಯಿಯ ಹೇಲಿನ ಡಬ್ಬಿಗಳ ಬಗ್ಗೆ ಎರಡು ಗಂಟೆ ಮಾತಾಡಿ ಕೊನೆಗೆ ಅದನ್ನೊಂದು ಉಪಸಮಿತಿಗೆ ಒಪ್ಪಿಸುವುದನ್ನು ಬಾಯಿ ಬಿಗಿದು ಕೇಳುತ್ತಿದ್ದಳು. ಕೀರ್ತನೆ ಕೇಳಿ ಬೆಳೆದ ಕಿವಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಆದರೂ ಅವಳು ಹೋಗುತ್ತಿದ್ದುದು ತಂಗಿ ಆ್ಯಗ್ನೆಸ್‌ಗಾಗಿ. ಮಾರುಕಟ್ಟೆಯ ಹಿಂದೆ, ಬಸ್ಸು ನಿಲ್ಲುವ ಕಡೆ, ಊರಿನ ಒಂದೇ ಒಂದು ಸಾರ್ವಜನಿಕ ಶೌಚಾಲಯವಿತ್ತು. ಅದನ್ನು ಮುಚ್ಚಬೇಕೆಂದು ನೀಲಿ ಪಕ್ಷದವರ ಹಟ. ಇರಲೆಂದು ಹಳದಿ ಪಕ್ಷದವರ ಹಟ. ವಿಧವೆ ಆ್ಯಗ್ನೆಸ್‌ಗೆ ಎರಡು ವರ್ಷದ ಹಿಂದೆ ಶಸ್ತ್ರಚಿಕಿತ್ಸೆಯಾಗಿತ್ತು. ಅಲ್ಲಿಂದೀಚೆಗೆ ಅರ್ಧ ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾಗದು. ಗುಡ್ಡದ ಮೇಲಿನ ಅವರ ಮನೆಯಿಂದ ಮಾರುಕಟ್ಟೆಗೆ ಬಸ್ಸು ಇಪ್ಪತ್ತೈದು ನಿಮಿಷ. ಬುಧವಾರದ ಸಂತೆ, ಅಲ್ಲಿ ರಕ್ತದ ಸಾಸೇಜು ಮಾರುವವನ ಜೊತೆ ಜಗಳ, ಚೀಸಿನಂಗಡಿಯವಳ ಜೊತೆ ಚಾಡಿ: ಆ್ಯಗ್ನೆಸಳ ವಾರವೆಂದರೆ ಇಷ್ಟೇ. ಆ ಬಾಗಿಲು ಮುಚ್ಚಿದರೆ ಅವಳ ಲೋಕ ಅಡುಗೆಮನೆಯ ಕಿಟಕಿಗೆ ಬಂದು ನಿಲ್ಲುತ್ತಿತ್ತು.

ಶೌಚಾಲಯದ ಪ್ರಶ್ನೆ ಮತಕ್ಕೆ ಬಿದ್ದ ದಿನ ಹದಿನೇಳಕ್ಕೆ ಹದಿನೇಳು ಬಂತು. ಸಮವಾದರೆ ಮೇಯರ್ ಇನ್ನೊಂದು ಮತ ಹಾಕಿ ತೀರ್ಮಾನಿಸಬೇಕು. ಆದರೆ ಆತ ಮೇಯರ್‌ಗಿರಿಯ ಸರಪಳಿ ಕೊರಳಿಗೆ ತೊಟ್ಟ ದಿನದಿಂದ ಯಾವುದನ್ನೂ ತೀರ್ಮಾನಿಸಿದ ದಾಖಲೆಯಿರಲಿಲ್ಲ. "ಎಲ್ಲ ಸದಸ್ಯರೂ ಇದ್ದಾಗ ನೋಡೋಣಂತೆ," ಎಂದು ಚಹಾಕ್ಕೆ ಎದ್ದ.

ಹೆಸ್ಟರ್ ಆಗ ಕುರ್ಚಿಗಳನ್ನು ಎಣಿಸಿದಳು. ಕೋಟಿನ ಕುರ್ಚಿಯೊಂದು ಉಳಿಯಿತು. ಅವಳದೇ ಮಿಲ್ ಬ್ರೋ ಬಡಾವಣೆಯ ಸದಸ್ಯನದು. ಮನೆಗೆ ಬಂದು ತನ್ನ ಹಳೆಯ ದಿನಚರಿಗಳನ್ನು ತೆರೆದಳು. ಬಿಕರ್‌ಸ್ಟಾಫ್ ಕೊನೆಯ ಸಲ ಸಭೆಗೆ ಬಂದು ಆರು ತಿಂಗಳು ಹನ್ನೊಂದು ದಿನವಾಗಿತ್ತು. ಆರು ತಿಂಗಳು ಸಭೆಗೆ ಬಾರದವನ ಸ್ಥಾನ ತಾನಾಗಿ ಬಿದ್ದುಹೋಗುತ್ತದೆ ಎಂಬುದು ಕಾನೂನು. ಹಾಗೆ ಬಿದ್ದ ಸ್ಥಾನಕ್ಕೆ ಉಪಚುನಾವಣೆ ಮಾಡಿಯೆಂದು ಆ ಬಡಾವಣೆಯ ಇಬ್ಬರು ಮತದಾರರು ಕಾಗದ ಬರೆದರೆ ಸಾಕು. ಹೆಸ್ಟರ್ ಬರೆದಳು. ಒಂದು ಸಹಿ ಅವಳದು, ಇನ್ನೊಂದು ಆ್ಯಗ್ನೆಸಳದು.

"ನಮ್ಮಿಬ್ಬರ ಮಾತಿಗೆ ಇಡೀ ಮಿಲ್ ಬ್ರೋ ಓಟು ಹಾಕ್ಬೇಕಾ?" ಎಂದು ಆ್ಯಗ್ನೆಸ್ ಬೆರಗಾದಳು. "ಮೊದಲೇ ಗೊತ್ತಿದ್ದಿದ್ರೆ ವರ್ಷಕ್ಕೊಂದು ಬರೀತಿದ್ವಲ್ಲೇ!"

ನೀಲಿಯವರು ಕಾರ್ಪೆಟ್ ಅಂಗಡಿಯ ಡೆಸ್ಮಂಡ್ ಥ್ರೆಲ್‌ಫಾಲ್‌ನನ್ನು ನಿಲ್ಲಿಸಿದರು. ಹಳದಿಯವರು ಫಿಲಿಪ್ಪಾ ಕ್ರೂಮ್ ಎಂಬಾಕೆಯನ್ನು. ಊರಿನ ಪಾರಿವಾಳಗಳನ್ನೆಲ್ಲ ಓಡಿಸುತ್ತೇನೆಂದು ಒಬ್ಬ ಪಕ್ಷೇತರನೂ ನಿಂತ. ಅವನ ಮಾತಿನಲ್ಲಿ ಒಂದಿಷ್ಟು ತಥ್ಯವಿತ್ತು, ಆದರೆ ಅವನ ಕೋಟಿನ ಮೇಲೂ ಪಾರಿವಾಳಗಳ ಗುರುತಿತ್ತು.

ಡೆಸ್ಮಂಡ್ ಹೆಸ್ಟರಳ ಭಾನುವಾರದ ಶಾಲೆಯಲ್ಲಿ ಕಲಿತ ಹುಡುಗ. ಕಲಿತ ಎನ್ನುವುದು ದೊಡ್ಡ ಮಾತು, ಬಂದು ಕೂತು ಹೋಗುತ್ತಿದ್ದ. ಈಗ ಐವತ್ತರ ಹತ್ತಿರ, ಕುತ್ತಿಗೆ ಕಾಲರಿನ ಮೇಲೆ ಮಡಿಸಿಕೊಂಡಿತ್ತು. ಎದೆಯ ಮೇಲೆ ತಟ್ಟೆಯಗಲದ ನೀಲಿ ರಿಬ್ಬನ್ನಿನ ಹೂ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದ.

"ನಮಸ್ಕಾರ ಮಿಸ್, ನೆನಪಿದ್ಯಾ?"

"ನೆನಪಿಲ್ದೆ ಏನಪ್ಪಾ. ಕಾಣಿಕೆ ಪೆಟ್ಟಿಗೆಗೆ ಕಾಸಿನ ಬದಲು ಅಂಗಿ ಗುಂಡಿ ಹಾಕ್ತಿದ್ದೆ."

ಅವನು ಸಂತೋಷದಿಂದ ನಕ್ಕ. ಅವನಿಗೆ ಮಾತು ತಾಕುತ್ತಲೇ ಇರಲಿಲ್ಲ. ದಪ್ಪ ಕಾರ್ಪೆಟ್ಟಿನ ಮೇಲೆ ಬಿದ್ದ ಸೂಜಿಯ ಹಾಗೆ ಎಲ್ಲೋ ಒಳಗೆ ಹೋಗಿ ಮಾಯವಾಗುತ್ತಿತ್ತು.

"ಶೌಚಾಲಯ ಮುಚ್ತೀಯಂತೆ?"

"ಮುಚ್ಚೋದಲ್ಲ ಮಿಸ್, ಮರುಪರಿಶೀಲನೆ ಅಷ್ಟೆ."

"ನನ್ನ ತಂಗಿಗೆ ಅರ್ಧ ಗಂಟೆ ಟೈಮು. ಅಷ್ಟರಲ್ಲಿ ನಿನ್ನ ಪರಿಶೀಲನೆ ಮುಗಿಯತ್ತೇನಪ್ಪ?"

"ಅದಕ್ಕೇನಂತೆ, ಎದುರುಗಡೆ ಪಬ್ಬಿನವರು ಯಾರು ಬೇಕಾದ್ರೂ ಬನ್ನಿ ಅಂದಿದಾರೆ."

"ಪಬ್ಬಿಗೆ!" ಒಳಗಿನಿಂದ ಆ್ಯಗ್ನೆಸ್ ಕೂಗಿದಳು. "ನಮ್ಮಪ್ಪ ಎಪ್ಪತ್ತು ವರ್ಷ ಆ ಬಾಗಿಲ ಮುಂದೆ ನಿಂತು ಕುಡೀಬೇಡ್ರೋ ಅಂತ ಸ್ತೋತ್ರ ಹಾಡಿದಾನೆ. ನಾನು ಅದೇ ಬಾಗಿಲೊಳಗೆ ಲಂಗ ಎತ್ಕೊಂಡು ಓಡ್ಲಾ?"

ಡೆಸ್ಮಂಡ್ ಒಂದು ಕರಪತ್ರ ಕೊಟ್ಟು ಹೋದ. ಅದರಲ್ಲಿ ಅವನು ರಸ್ತೆಯ ಹಳ್ಳವೊಂದರ ಪಕ್ಕ ಕುಕ್ಕರುಗಾಲಲ್ಲಿ ಕೂತು ದುಃಖಿತನಾಗಿದ್ದ.

ಹಾಗಾದರೆ ಹೆಸ್ಟರ್ ಹಳದಿಗೇ ಹಾಕಬೇಕಿತ್ತು. ಹಾಕಲೆಂದೇ ಕಾಗದ ಬರೆದದ್ದು. ಕ್ರೂಮ್ ಬಾಯಿ ಮೊದಲ ವಾರವೇ ಬಂದು, ಮನೆಯಲ್ಲಿ ಮಾಡಿದ ಶುಂಠಿ ಕೇಕು ಮೂರು ಹೋಳು ತಿಂದು, ಆ್ಯಗ್ನೆಸಳ ಕೈ ಹಿಡಿದು ಕಣ್ಣೊರೆಸಿಕೊಂಡಳು. "ನಿಮ್ಮ ಕಥೆ ಜನಕ್ಕೆ ಗೊತ್ತಾಗ್ಬೇಕು ಕಣಮ್ಮ," ಎಂದಳು. ಶೌಚಾಲಯದ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆಸಿದಳು. ಆ್ಯಗ್ನೆಸ್ ಅದಕ್ಕೆಂದು ಒಳ್ಳೆಯ ಟೋಪಿ ಹಾಕಿಕೊಂಡಿದ್ದಳು.

ಎರಡು ವಾರದ ಮೇಲೆ ಮಿಲ್ ಬ್ರೋದ ಎರಡೂವರೆ ಸಾವಿರ ಬಾಗಿಲುಗಳ ಕೆಳಗಿಂದ ಹಳದಿ ಕರಪತ್ರ ತೂರಿ ಬಂತು. ಮೇಲೆ ಆ್ಯಗ್ನೆಸ್, ಪಕ್ಕದಲ್ಲಿ ಬೆರಳು ತೋರಿಸುತ್ತ ನಿಂತ ಕ್ರೂಮ್ ಬಾಯಿ. ಕೆಳಗೆ ದಪ್ಪ ಅಕ್ಷರದಲ್ಲಿ: "ಆ್ಯಗ್ನೆಸ್ ಪಾಪ ಇನ್ನು ತಡೆದುಕೊಳ್ಳಲಾರಳು!" ಬೆರಳು ಶೌಚಾಲಯದ ಕಡೆಗಿತ್ತೋ ಆ್ಯಗ್ನೆಸಳ ಲಂಗದ ಕಡೆಗಿತ್ತೋ, ನೋಡಿದವರು ತಮಗೆ ಬೇಕಾದಂತೆ ಅಂದುಕೊಳ್ಳಬಹುದಿತ್ತು. ಅಂದುಕೊಂಡರು ಕೂಡ. ಆ ಬುಧವಾರ ರಕ್ತದ ಸಾಸೇಜಿನವನು ಆ್ಯಗ್ನೆಸಳ ಜೊತೆ ಜಗಳವಾಡಲಿಲ್ಲ. ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, "ಅವಸರ ಇದ್ರೆ ಮೊದಲು ನೀವೇ ತಗೊಳ್ಳಿ ಅಮ್ಮ," ಎಂದ. ಸಾಲಿನಲ್ಲಿದ್ದವರೆಲ್ಲ ಕಾಳಜಿಯಿಂದ ದಾರಿ ಬಿಟ್ಟರು. ಆ್ಯಗ್ನೆಸ್ ಬರಿಗೈಯಲ್ಲಿ ಮನೆಗೆ ಬಂದು, ಒಳ್ಳೆಯ ಟೋಪಿಯನ್ನು ಡಬ್ಬಿಯೊಳಗಿಟ್ಟು ಮಂಚದ ಕೆಳಗೆ ತಳ್ಳಿದಳು. ಮುಂದಿನ ಬುಧವಾರ ಹೊರಡಲಿಲ್ಲ.

"ನಾನು ಅವಳಿಗೆ ಓಟು ಹಾಕೋದಿಲ್ಲ," ಎಂದಳು ಹೆಸ್ಟರ್.

"ಹಾಕೇ," ಎಂದಳು ಆ್ಯಗ್ನೆಸ್ ಗೋಡೆಯ ಕಡೆ ತಿರುಗಿ. "ಮಾನ ಅಂತೂ ಹೋಯ್ತು. ಕಕ್ಕಸಾದ್ರೂ ಉಳೀಲಿ."

"ನೀನು ಹಾಕ್ತೀಯಾ?"

"ಓಟು ಹಾಕೋ ಚಾಪೆಲಿಗೆ ಹೋಗೋಕೂ ಜನರ ಮುಂದೆ ನಡೀಬೇಕಲ್ಲೇ. ನಾನೊಲ್ಲೆ. ನೀನು ಹೋಗಿ ಹಾಕು, ಇಬ್ಬರದ್ದೂ ಆಯ್ತು ಅಂತ ತಿಳ್ಕೋತೀನಿ."

ಹೆಸ್ಟರ್ ಕರಪತ್ರವನ್ನು ಮತ್ತೆ ನೋಡಿದಳು. ಹಿಂಬದಿಯಲ್ಲಿ ಯಾರಿಗೆಷ್ಟು ಮತ ಬೀಳುತ್ತದೆಂಬ ಲೆಕ್ಕದ ಚಿತ್ರ: ಹಳದಿ ಕಂಬವೊಂದು ಚರ್ಚಿನ ಗೋಪುರದ ಹಾಗೆ ಎದ್ದು ನಿಂತಿದೆ, ಪಕ್ಕದಲ್ಲಿ ನೀಲಿ ಕಂಬ ಮೊಣಕಾಲೂರಿದೆ. "ನೀಲಿ ಇಲ್ಲಿ ಗೆಲ್ಲುವ ಮಾತೇ ಇಲ್ಲ!" ಎಂದು ಬರೆದಿತ್ತು. ಊರಿನ ಪತ್ರಿಕೆಯೂ ಅದನ್ನೇ ಹೇಳಿತು, ಹಾಲಿನವನೂ ಅದನ್ನೇ ಹೇಳಿದ: ಕ್ರೂಮ್ ಬಾಯಿ ಇನ್ನೂರು ಮತದಿಂದ ಗೆಲ್ಲುತ್ತಾಳೆ. ಹಾಗಿದ್ದರೆ ಆಯಿತು, ಎಂದುಕೊಂಡಳು ಹೆಸ್ಟರ್. ಶೌಚಾಲಯವನ್ನು ಬೇರೆಯವರು ಉಳಿಸಲಿ. ನನ್ನ ಕೈ ಮಾತ್ರ ಹೊಲಸಾಗದಿರಲಿ. ಶುದ್ಧ ಕೈಯವರ ಈ ಲೆಕ್ಕಾಚಾರ ಎಷ್ಟು ಹಳೆಯದೆಂದು ವೇದಪುಸ್ತಕ ಓದಿದ ಅವಳಿಗೆ ಗೊತ್ತಿರಬೇಕಾಗಿತ್ತು. ಗೊತ್ತಿರುವುದೇ ಬೇರೆ, ಬೇಕಾದಾಗ ನೆನಪಾಗುವುದೇ ಬೇರೆ.

ಗುರುವಾರ ಮತದಾನ. ಚಾಪೆಲಿನ ಹಿಂದಿನ ಕೋಣೆಯಲ್ಲಿ, ಅವಳು ಮೂವತ್ತು ವರ್ಷ ಪಾಠ ಹೇಳಿದ ಕೋಣೆಯಲ್ಲೇ, ಮರದ ಗೂಡುಗಳನ್ನು ನಿಲ್ಲಿಸಿದ್ದರು. ಅವಳ ಕಪ್ಪುಹಲಗೆ ಇನ್ನೂ ಗೋಡೆಯ ಮೇಲಿತ್ತು. ಓಟು ಹಾಕದೆ ಮನೆಯಲ್ಲಿ ಕೂರುವುದು ಅವಳಿಂದಾಗದು. ಅವಳಜ್ಜಿ ಹೆಂಗಸರ ಮತದ ಹಕ್ಕಿಗಾಗಿ ಒಂದು ರಾತ್ರಿ ಪೊಲೀಸರ ಕೋಣೆಯಲ್ಲಿ ಕಳೆದವಳು. ಗೂಡಿನೊಳಗೆ ನಿಂತು, ದಾರಕ್ಕೆ ಕಟ್ಟಿದ ಸೀಸದ ಕಡ್ಡಿ ಹಿಡಿದು ಕಾಗದ ನೋಡಿದಳು. ಕ್ರೂಮ್. ಪಾರಿವಾಳದವನು. ಥ್ರೆಲ್‌ಫಾಲ್. ಪ್ರತಿ ಹೆಸರಿನ ಮುಂದೆ ಒಂದು ಚೌಕ.

ಕ್ರೂಮ್ ಬಾಯಿಯ ಚೌಕದ ಮೇಲೆ ಕೈ ಹೋಯಿತು, ನಿಂತಿತು. ಮಂಚದ ಕೆಳಗಿನ ಟೋಪಿಯ ಡಬ್ಬಿ ಕಣ್ಣಿಗೆ ಕಟ್ಟಿತು. ಕೈ ಕೆಳಗಿಳಿಯಿತು. ಥ್ರೆಲ್‌ಫಾಲನ ಹೆಸರು ನೋಡಿ ಕಾಣಿಕೆ ಪೆಟ್ಟಿಗೆಯ ಗುಂಡಿಗಳು, ಮಡಿಸಿದ ಕುತ್ತಿಗೆ, ಮರುಪರಿಶೀಲನೆ ಎಲ್ಲ ಒಟ್ಟಿಗೆ ನೆನಪಾದವು. ಆಗ ಅವನ ಚೌಕದೊಳಗೆ ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಒಂದು ಸುತ್ತು, ಎರಡು ಕಿವಿ, ಮೂತಿಗೊಂದು ಗುಂಡಿ, ನಾಲ್ಕು ಗಿಡ್ಡ ಕಾಲು, ಎಡಕ್ಕೆ ಸುತ್ತಿದ ಬಾಲ. ತಪ್ಪಿಹೋದ ಮಗನ ದೃಷ್ಟಾಂತ ಹೇಳುವಾಗ, ತಂದೆಯ ಆಸ್ತಿ ಕರಗಿಸಿ ಹಂದಿ ಮೇಯಿಸಲು ಕೂತವನ ಕಥೆ ಹೇಳುವಾಗ, ಮೂವತ್ತು ವರ್ಷ ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ಹಂದಿ. ಚೌಕದ ಗೆರೆ ಒಂದು ಕೂದಲೂ ದಾಟಲಿಲ್ಲ. ಅಚ್ಚುಕಟ್ಟಾದ ಕೆಲಸ ಅವಳ ಕಸುಬು.

ಕಾಗದ ಪೆಟ್ಟಿಗೆಗೆ ಬಿದ್ದಾಗ ಅವಳಿಗೆ ಬಹಳ ದಿನದ ಮೇಲೆ ಹಗುರವೆನಿಸಿತು. ಮನೆಗೆ ಬಂದು ಆ್ಯಗ್ನೆಸ್‌ಗೆ, "ಆಯ್ತು," ಎಂದಳು. ಇಬ್ಬರದ್ದೂ ಆಯಿತೆಂದೇ ಆ್ಯಗ್ನೆಸ್ ತಿಳಿದಳು.

ಮಾರನೆಯ ಬೆಳಿಗ್ಗೆ ಪುರಭವನದಲ್ಲಿ ಎಣಿಕೆ. ಇಪ್ಪತ್ತು ವರ್ಷದಿಂದ ಎಣಿಕೆಗೆ ಬರುತ್ತಿದ್ದ ಹೆಂಗಸರಲ್ಲಿ ಹೆಸ್ಟರಳೂ ಒಬ್ಬಳು. ಗುಟ್ಟು ಬಿಡುವುದಿಲ್ಲವೆಂದು ಸಹಿ ಹಾಕಿ, ಬೆರಳಿಗೆ ರಬ್ಬರಿನ ಟೋಪಿ ತೊಟ್ಟು ಕೂತಳು. ನಿಯಮ ಸರಳ: ಚೌಕದಲ್ಲಿ ಗುಣಿಸುವ ಗುರುತಿದ್ದರೆ ಆ ಅಭ್ಯರ್ಥಿಯ ಕಂತೆಗೆ, ಬೇರೆ ಏನೇ ಇದ್ದರೂ ಕೆಂಪು ತಟ್ಟೆಗೆ. ತಟ್ಟೆಯಲ್ಲಿ ಬೈಗುಳ ಬೀಳುತ್ತಿದ್ದವು, ಬೀಸಣಿಗೆಯಷ್ಟು ದೊಡ್ಡ ಪ್ರಶ್ನಾರ್ಥಕ ಚಿಹ್ನೆಗಳು ಬೀಳುತ್ತಿದ್ದವು, ಒಮ್ಮೆ ಮಾರುಕಟ್ಟೆಯ ಚೀಟಿಯೇ ಬಿದ್ದಿತ್ತು. ತಟ್ಟೆಯನ್ನು ಯಾರೋ ಬಂದು ಮೇಲಿನ ಮೇಜಿಗೆ ಎತ್ತಿಕೊಂಡು ಹೋಗುತ್ತಿದ್ದರು. ಅಲ್ಲಿಂದ ಅದು ಕಸದ ಬುಟ್ಟಿಗೆ ಹೋಗುತ್ತದೆಂದು ಇಪ್ಪತ್ತು ವರ್ಷ ಅವಳು ನಂಬಿದ್ದಳು. ಕೇಳಿರಲಿಲ್ಲ. ಕೇಳುವುದೇ ಅಭ್ಯಾಸವಾದವಳು ಇದೊಂದನ್ನು ಕೇಳಿರಲಿಲ್ಲ.

ಹನ್ನೊಂದು ಗಂಟೆಗೆ ಹಂದಿ ಅವಳ ಮೇಜಿಗೇ ಬಂತು. ಅವಳು ಅದನ್ನು ಗುರುತೇ ಇಲ್ಲದವಳಂತೆ ಎರಡು ಬೆರಳಲ್ಲಿ ಹಿಡಿದು ತಟ್ಟೆಗೆ ಹಾಕಿದಳು.

ಹನ್ನೆರಡಕ್ಕೆ ಗುಸುಗುಸು ಎದ್ದಿತು. ಕ್ರೂಮ್ ಆರುನೂರ ಹನ್ನೊಂದು. ಥ್ರೆಲ್‌ಫಾಲ್ ಆರುನೂರ ಹನ್ನೊಂದು. ಪಾರಿವಾಳದವನು ನಲವತ್ತು. ನಾಲ್ಕು ಸಾವಿರ ಜನ ಮನೆಯಲ್ಲೇ ಕೂತು ಟೀವಿ ನೋಡಿದ್ದರು. ಅವರ ಪೈಕಿ ಒಬ್ಬಳು ಆ್ಯಗ್ನೆಸ್. ಗೋಪುರದೆತ್ತರದ ಹಳದಿ ಕಂಬ ಕರಪತ್ರದಲ್ಲೇ ಉಳಿಯಿತು.

ಚುನಾವಣಾಧಿಕಾರಿ ಲೇಥಮ್ ಕನ್ನಡಕ ಒರೆಸಿಕೊಂಡ. ಸಣಕಲು ಮನುಷ್ಯ, ಕಾನೂನು ಪುಸ್ತಕಕ್ಕೆ ಪ್ಯಾಂಟು ತೊಡಿಸಿದ ಹಾಗಿದ್ದ. "ಇನ್ನು ಅನುಮಾನದ ಮತಪತ್ರಗಳು ನಾಲ್ಕಿವೆ. ಅಭ್ಯರ್ಥಿಗಳು ಹತ್ತಿರ ಬನ್ನಿ," ಎಂದ. ಮೇಲಿನ ಮೇಜು ಹೆಸ್ಟರಳ ಬೆನ್ನಿಗೆ ಆರಡಿ ದೂರವೂ ಇರಲಿಲ್ಲ. ಅವಳ ಕಿವಿ ಹಿಂದಕ್ಕೆ ತಿರುಗಿತು.

ಖಾಲಿ ಕಾಗದ, ತಳ್ಳಿದ. ಮೂವರಿಗೂ ಗುರುತು ಹಾಕಿದ್ದು, ತಳ್ಳಿದ. ಕೆಳಗೆ ಹೆಸರು, ವಿಳಾಸ, ಫೋನ್ ನಂಬರು ಬರೆದದ್ದು. "ಯಾರ ಮತ ಅಂತ ಗೊತ್ತಾಗೋ ಹಾಗಿದ್ರೆ ಅದು ರದ್ದು," ಎಂದು ಅದನ್ನೂ ತಳ್ಳಿದ. ನಾಲ್ಕನೆಯದನ್ನು ಎತ್ತಿ ಬಹಳ ಹೊತ್ತು ನೋಡಿದ.

"ಹಂದಿ," ಎಂದ.

"ಅವಮಾನ ಮಾಡಿರೋದು!" ಎಂದಳು ಕ್ರೂಮ್ ಬಾಯಿ ಥಟ್ಟನೆ. "ಥ್ರೆಲ್‌ಫಾಲ್‌ನನ್ನ ಹಂದಿ ಅಂತ ಬೈದಿದಾರೆ. ಇದನ್ನ ಹೇಗ್ರೀ ಮತ ಅಂತೀರಾ?"

"ಮೇಡಂ, ನಾನು ಮನಸ್ಸು ಓದೋದಿಲ್ಲ, ಕಾಗದ ಓದ್ತೀನಿ. ಒಂದು ಗುರುತು. ಒಂದೇ ಚೌಕದಲ್ಲಿ. ಗೆರೆ ದಾಟಿಲ್ಲ. ಬೇರೆ ಚೌಕಗಳು ಖಾಲಿ. ಒಬ್ಬ ಅಭ್ಯರ್ಥಿನ ಆರಿಸಿದಾರೆ ಅನ್ನೋದು ಸ್ಪಷ್ಟವಾಗಿದೆ. ಗುರುತು ಹೀಗೇ ಇರ್ಬೇಕು, ಹಂದಿ ಆಗಿರಬಾರದು ಅಂತ ಕಾನೂನು ಎಲ್ಲೂ ಹೇಳಿಲ್ಲ."

"ಅಯ್ಯೋ, ಹಂದಿ ಕಣ್ರೀ ಅದು! ಬಾಲ ನೋಡಿ!"

"ಬಹಳ ಪ್ರೀತಿಯಿಂದ ಬರೆದ ಬಾಲ," ಎಂದ ಲೇಥಮ್ ಪ್ರಾಮಾಣಿಕವಾಗಿ.

ಡೆಸ್ಮಂಡ್ ಕಾಗದದ ಮೇಲೆ ಬಗ್ಗಿದ್ದ. ಅವನ ಕುತ್ತಿಗೆ ಕೆಂಪಾಯಿತು, ಕಿವಿ ಕೆಂಪಾದವು. "ಇದು ಅವಮಾನ ಅಲ್ಲ," ಎಂದ. "ಇದು ಯಾರು ಬರೆದದ್ದು ಅಂತ ನಂಗೆ..."

ಅವನ ಏಜೆಂಟ್ ಅವನ ಕಾಲನ್ನು ಬೂಟಿನಿಂದ ಮೆಟ್ಟಿದ. ಗೊತ್ತಾದರೆ ರದ್ದು. ಡೆಸ್ಮಂಡ್ ನುಂಗಿಕೊಂಡ. "...ಅಂದ್ರೆ, ನಂಗೆ ಹಂದಿ ಅಂದ್ರೆ ಇಷ್ಟ. ಬೇಕನ್ ತಿಂತೀನಿ. ಊರಿಗೆಲ್ಲ ಗೊತ್ತು."

ಹೆಸ್ಟರ್ ಅರ್ಧ ಎದ್ದಳು. ಒಂದು ಮಾತು ಸಾಕಿತ್ತು: ಅದು ನನ್ನದು, ಅದರ ಅರ್ಥ ಬೇರೆ. ಆ ಮತ ರದ್ದಾಗುತ್ತಿತ್ತೋ ಇಲ್ಲವೋ, ಕಡೆಯಪಕ್ಷ ಸತ್ಯ ಎದ್ದು ನಿಲ್ಲುತ್ತಿತ್ತು. ಆದರೆ ಗುಟ್ಟಿನ ಕಾಗದಕ್ಕೆ ಹಾಕಿದ ಸಹಿ ಇನ್ನೂ ಒಣಗಿರಲಿಲ್ಲ. ಸುತ್ತ ಹನ್ನೆರಡು ಹೆಂಗಸರು, ಪತ್ರಿಕೆಯವನೊಬ್ಬ, ಮತ್ತು ನಾಳೆ ಆ್ಯಗ್ನೆಸಳ ಕಿವಿ.

"ಏನು ಮಿಸ್ ಆರ್ಮರಾಡ್?" ಎಂದ ಲೇಥಮ್.

"ಏನಿಲ್ಲ," ಎಂದಳು. "ಕಾಲು ಮರಗಟ್ಟಿತ್ತು."

ಕೂತಳು. ತನ್ನ ಮೂಗು ಕೊಯ್ದುಕೊಂಡು ಪರರಿಗೆ ಅಪಶಕುನ ಮಾಡಿದವಳ ಕಥೆಯನ್ನು ಮಕ್ಕಳಿಗೆ ಹೇಳಬೇಕಾದರೆ ಇನ್ನು ಬೇರೆ ದೃಷ್ಟಾಂತ ಹುಡುಕಬೇಕಿರಲಿಲ್ಲ. ಮರುಎಣಿಕೆ ಆಯಿತು. ಹಂದಿ ಕದಲಲಿಲ್ಲ. ಡೆಸ್ಮಂಡ್ ಥ್ರೆಲ್‌ಫಾಲ್ ಒಂದು ಮತದಿಂದ ಗೆದ್ದ.

ಎಲ್ಲರೂ ಕೈಕುಲುಕಿ ಮುಗಿದ ಮೇಲೆ ಅವನು ಚಹಾದ ದೊಡ್ಡ ಪಾತ್ರೆಯ ಬಳಿ ಅವಳನ್ನು ಹಿಡಿದ. ಸುತ್ತ ನೋಡಿ ದನಿ ತಗ್ಗಿಸಿದ.

"ಬಾಲ ಎಡಕ್ಕೆ, ಮಿಸ್."

ಅವಳು ಚಹಾದ ಬಟ್ಟಲಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡಳು.

"ನೀವು ನೆನಪಿಟ್ಕೊಂಡಿದೀರಾ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ. ಒಂಬತ್ತು ವರ್ಷ ನಂಗೆ. ತಪ್ಪಿಹೋದ ಮಗನ ನಾಟಕ. ಯಾರಿಗೂ ಹಂದಿ ಪಾತ್ರ ಬೇಡ, ನನ್ನ ಕೈಲಿ ಮಾಡಿಸಿದ್ರಿ. ಗುಲಾಬಿ ಬಣ್ಣದ ಹೊದಿಕೆಲಿ ಬಾಲ ಹೊಲಿದು ಕೊಟ್ಟಿದ್ರಿ. ನಮ್ಮಪ್ಪ ಬರಲಿಲ್ಲ ಅವತ್ತು. ನೀವು ಹಿಂದಿನ ಸಾಲಲ್ಲಿ ನಿಂತು ಚಪ್ಪಾಳೆ ಹೊಡೆದಿದ್ರಿ. ಮಗನಿಗಿಂತ ಹಂದೀನೇ ಚೆನ್ನಾಗಿ ಮಾಡ್ತು ಅಂದಿದ್ರಿ." ಅವನ ಕಣ್ಣಲ್ಲಿ ನಿಜವಾದ ನೀರಿತ್ತು. ಅದು ಅವಳಿಗೆ ಎಲ್ಲಕ್ಕಿಂತ ಅಸಹ್ಯವಾಯಿತು. ತಿರಸ್ಕರಿಸಲು ಇಷ್ಟು ಅನುಕೂಲವಾಗಿದ್ದ ಮನುಷ್ಯ ಈಗ ಹೀಗೆ ಅಳುವುದೇ? "ನಲವತ್ತು ವರ್ಷದಲ್ಲಿ ನಂಗೆ ಯಾರೂ ಅಂಥ ಮಾತು ಹೇಳಿಲ್ಲ, ಮಿಸ್."

ಅವಳಿಗೆ ಆ ನಾಟಕ ನೆನಪಿರಲಿಲ್ಲ. ಮೂವತ್ತು ವರ್ಷದಲ್ಲಿ ಮೂವತ್ತು ಹಂದಿಗಳು; ಯಾರು ಲೆಕ್ಕವಿಡುತ್ತಾರೆ? ಹೇಳಿಬಿಡೋಣವೆನಿಸಿತು: ಡೆಸ್ಮಂಡ್, ಅದು ನಿನ್ನ ಪಾತ್ರವಲ್ಲ, ಅದು ನೀನು. ನಾಲಿಗೆಯ ತುದಿಗೆ ಬಂದಿತ್ತು. ಸತ್ಯವೇ ಅದು, ಮತ್ತು ಎಷ್ಟು ರುಚಿಯಾಗಿತ್ತು! ಆದರೆ ಅದರ ರುಚಿಯೇ ಅವಳನ್ನು ತಡೆಯಿತು. ನಿನ್ನೆ ಗೂಡಿನೊಳಗೂ ಇದೇ ರುಚಿ.

"ಏನಾದ್ರೂ ಕೇಳಿ ಮಿಸ್," ಎಂದ ಅವನು. "ನಿಮ್ಮ ಒಂದು ಮತ. ಏನು ಬೇಕಾದ್ರೂ ಕೇಳಿ."

ಹೆಸ್ಟರ್ ಬಟ್ಟಲನ್ನು ಕೆಳಗಿಟ್ಟಳು. ತನ್ನ ತಿರಸ್ಕಾರವನ್ನು ಬಿಸಿ ಚಹಾದ ಹಾಗೆ ಒಂದೇ ಗುಟುಕಿಗೆ ನುಂಗಿದಳು. ಗಂಟಲು ಸುಟ್ಟಿತು.

"ಶೌಚಾಲಯ," ಎಂದಳು.

ಅವನ ಮುಖ ಬಾಡಿತು. "ಪಕ್ಷದವರು ಒಪ್ಪಲ್ಲ ಮಿಸ್. ಮರುಪರಿ..."

"ಆ ಮಾತು ನನ್ನ ಮುಂದೆ ಆಡ್ಬೇಡ. ಹಂದಿ ಬಾಲ ಹೊಲಿದವಳು ನಾನು. ಕೇಳು ಅಂದೆ, ಕೇಳ್ದೆ."

ಅವಳು ಮನೆಗೆ ಹೋಗಿ ಆ್ಯಗ್ನೆಸ್‌ಗೆ ಎಲ್ಲವನ್ನೂ ಹೇಳಿದಳು, ಒಂದನ್ನೂ ಬಿಡದೆ, ಪಾಪ ಒಪ್ಪಿಕೊಳ್ಳುವವಳ ಹಾಗೆ ನಿಂತುಕೊಂಡೇ.

"ನಿಂಗೆ ಒಂದು ಗೆರೆ ಎಳೀ ಅಂದ್ರೆ," ಎಂದಳು ಆ್ಯಗ್ನೆಸ್, "ಕೊಟ್ಟಿಗೇನೇ ಬರೆದು ಬಂದ್ಯಲ್ಲೇ."

"ತಪ್ಪಾಯ್ತು."

"ತಪ್ಪಲ್ಲ, ಕೊಬ್ಬು. ನಂಗೆ ಹೊಡೆದವಳ ಮೇಲೆ ನಿಂಗೆ ಸಿಟ್ಟು ಬಂತು, ಸರಿ. ಆ ಸಿಟ್ಟಿಗೆ ನನ್ನ ಬುಧವಾರಾನೇ ಎಸೆದು ಬಂದೆ." ಆಮೇಲೆ ಗೋಡೆಯ ಕಡೆ ತಿರುಗಿಕೊಂಡಳು. ಹೊದಿಕೆ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಹೆಸ್ಟರ್ ಬಗ್ಗಿದರೆ, ಆ್ಯಗ್ನೆಸ್ ತಲೆದಿಂಬು ಕಚ್ಚಿಕೊಂಡು ನಗುತ್ತಿದ್ದಳು. "ಬೇಕನ್ ತಿಂತೀನಿ ಅಂದ್ನಾ? ನಿಜವಾಗ್ಲೂ?"

ಪುರಸಭೆ ಆರು ವಾರ ಚರ್ಚಿಸಿತು. ಡೆಸ್ಮಂಡ್ ಮೊದಲ ಭಾಷಣದಲ್ಲೇ ತನ್ನ ಪಕ್ಷದ ಎದುರು ನಿಂತ, ನಿಂತು ಹೆದರಿದ, ಹೆದರಿ ಅರ್ಧಕ್ಕೆ ಕೂತ. ಹೀಗೆ ಅರ್ಧಕ್ಕೆ ಕೂತವನಿಂದ ಎಷ್ಟು ಬರಬಹುದೋ ಅಷ್ಟೇ ಬಂತು: ಶೌಚಾಲಯ ಬುಧವಾರ ಮಾತ್ರ, ಹತ್ತರಿಂದ ಎರಡರ ತನಕ, ತೆರೆದಿರತಕ್ಕದ್ದು. ಉಳಿದ ಆರು ದಿನ ಸ್ಕಾರ್‌ಬೆಕ್‌ನ ಪ್ರಜೆಗಳು ತಡೆದುಕೊಳ್ಳತಕ್ಕದ್ದು. ಮೇಯರ್ ಇದನ್ನು ಐತಿಹಾಸಿಕ ಸಮನ್ವಯವೆಂದ. ಮುಂದಿನ ಹಳದಿ ಕರಪತ್ರದಲ್ಲಿ ಕ್ರೂಮ್ ಬಾಯಿ ಅದೇ ಬಾಗಿಲಿಗೆ ಬೆರಳು ತೋರಿಸುತ್ತ, "ನಾವು ಹೋರಾಡಿದೆವು, ನಾವು ಉಳಿಸಿದೆವು!" ಎಂದಿದ್ದಳು.

ಮೊದಲ ಬುಧವಾರ ಬಾಗಿಲಿಗೆ ರಿಬ್ಬನ್ನು ಕಟ್ಟಿದ್ದರು. ಗೋಡೆಗೆ ಹಿತ್ತಾಳೆಯ ಫಲಕ, ಅದರಲ್ಲಿ ಡೆಸ್ಮಂಡನ ಹೆಸರು ಶೌಚಾಲಯವೆಂಬ ಪದಕ್ಕಿಂತ ದೊಡ್ಡದಾಗಿತ್ತು. ಆ್ಯಗ್ನೆಸ್ ಮಂಚದ ಕೆಳಗಿನಿಂದ ಟೋಪಿ ತೆಗೆದು ಹಾಕಿಕೊಂಡು ಬಂದಿದ್ದಳು. ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ ಕಳೆದಿತ್ತು. ಡೆಸ್ಮಂಡ್ ಕತ್ತರಿ ಹಿಡಿದು ಮಾತಾಡುತ್ತಲೇ ಇದ್ದ.

"...ಪ್ರಜಾಪ್ರಭುತ್ವದಲ್ಲಿ ಒಂದು ಮತ, ಒಂದೇ ಒಂದು ಮತ, ಎಷ್ಟು ದೊಡ್ಡದು ಅನ್ನೋದನ್ನ ನನಗೆ ಕಲಿಸಿದವರು..."

"ಏ ಡೆಸ್ಮಂಡ!" ಎಂದಳು ಆ್ಯಗ್ನೆಸ್. "ಹಿಂದೆ ಗುಂಡಿ ಹಾಕ್ತಿದ್ದೆ, ಈಗ ಅಡ್ಡ ನಿಂತಿದೀಯಾ. ಕತ್ತರಿಸ್ತೀಯೋ, ನಾನೇ ರಿಬ್ಬನ್ನಿನ ಕೆಳಗೆ ನುಗ್ಲೋ?"

ಸಂತೆ ಗೊಳ್ಳೆಂದಿತು. ರಕ್ತದ ಸಾಸೇಜಿನವನು ಎಲ್ಲರಿಗಿಂತ ಜೋರಾಗಿ ನಕ್ಕು, "ಬಾರಮ್ಮ ಆಮೇಲೆ, ನಿಂದು ಹಳೇ ಜಗಳ ಒಂದು ಬಾಕಿ ಇದೆ!" ಎಂದು ಕೂಗಿದ. ಆ್ಯಗ್ನೆಸ್ ಅವನಿಗೊಂದು ಬೈಗುಳ ಎಸೆದು, ಕತ್ತರಿಸಿದ ರಿಬ್ಬನ್ನನ್ನು ತುಳಿದು ಒಳಗೆ ಹೋದಳು.

ಹೆಸ್ಟರ್ ತಂಗಿಯ ಚೀಲ ಹಿಡಿದು ಹೊರಗೆ ನಿಂತಳು. ಡೆಸ್ಮಂಡ್ ಹತ್ತಿರ ಬಂದ. ಅವನ ಕೋಟಿನ ಮೇಲೆ, ನೀಲಿ ಹೂವಿನ ಪಕ್ಕದಲ್ಲಿ, ಏನೋ ಹೊಳೆಯಿತು. ಗುಲಾಬಿ ಬಣ್ಣದ ಪುಟ್ಟ ತಗಡಿನ ಹಂದಿ.

"ಮಾಡಿಸಿದೆ ಮಿಸ್," ಎಂದ ನಾಚಿ. "ಎಲ್ಲ ಸಭೆಗೂ ಹಾಕ್ಕೊಂಡು ಹೋಗ್ತೀನಿ. ಯಾಕೆ ಅಂತ ಯಾರಿಗೂ ಹೇಳಿಲ್ಲ."

ಅವಳು ಮನಸ್ಸಿನೊಳಗೆ ಗುಟ್ಟಾಗಿ ಇಟ್ಟ ಹೆಸರನ್ನು ಆ ಮನುಷ್ಯ ಎದೆಯ ಮೇಲೆ ತೊಟ್ಟು ಊರೆಲ್ಲ ಸುತ್ತುತ್ತಿದ್ದ, ಅದೂ ಕೃತಜ್ಞತೆಯಿಂದ. ಆರು ವಾರ ಅವಳ ಪ್ರಾರ್ಥನೆಯ ನಡುವೆ ಈ ಹಂದಿ ನುಗ್ಗುತ್ತಲೇ ಇತ್ತು. ಈಗ ಹೇಳಲೇಬೇಕು.

"ಡೆಸ್ಮಂಡ್, ಆ ಹಂದಿ..."

"ಹೆಸ್ಟರ್!" ಒಳಗಿನಿಂದ ಆ್ಯಗ್ನೆಸಳ ದನಿ ಬಂತು. ಆ ಗೋಡೆ ತೆಳು, ಆ್ಯಗ್ನೆಸಳ ಕಿವಿ ಚುರುಕು. "ಬಾಯಿ ಮುಚ್ಕೊಂಡು ಬುಧವಾರ ಉಳಿಸ್ಕೊಳ್ಳೇ!"

ಡೆಸ್ಮಂಡ್ ಕಾಯುತ್ತ ನಿಂತಿದ್ದ, ಒಂಬತ್ತು ವರ್ಷದವನ ಹಾಗೆ. ಹೆಸ್ಟರ್ ಕೈ ಚಾಚಿ ಅವನ ಕೋಟಿನ ಮೇಲಿನ ತಗಡನ್ನು ಹಿಡಿದು ನೋಡಿದಳು. ಮಾಡಿಸಿದವನು ಕೆಲಸ ಕೆಡಿಸಿದ್ದ.

"ಬಾಲ ಬಲಕ್ಕೆ ಸುತ್ತಿದೆ," ಎಂದಳು. "ಎಡಕ್ಕಿರಬೇಕು. ವಾಪಸು ಕೊಟ್ಟು ಸರಿಮಾಡಿಸು."

"ಆಯ್ತು ಮಿಸ್," ಎಂದ ಅವನು.